ಎರಡು ಮನೆಯ ಊಟ, ಒಂದು ಹೊಟ್ಟೆ

ಬೇರೆ ಕಾಯಿಲೆಗಳಿಗೆ ಒಂದು ಮರ್ಯಾದೆ ಇದೆ. ಕಾಮಾಲೆ ಆದವನನ್ನು ನೋಡಲು ಜನ ಮೋಸಂಬಿ ಹಿಡಿದುಕೊಂಡು ಬರುತ್ತಾರೆ. ಕಾಲು ಮುರಿದುಕೊಂಡವನ ಮಂಚದ ಪಕ್ಕ ಕೂತು ನಿಟ್ಟುಸಿರು ಬಿಡುತ್ತಾರೆ. ಹೊಟ್ಟೆಯಲ್ಲಿ ಗಾಳಿ ತುಂಬಿಕೊಂಡವನಿಗೆ ಯಾರೂ ಮೋಸಂಬಿ ತರುವುದಿಲ್ಲ, ನಗುತ್ತಾರೆ ಅಷ್ಟೆ. ನಾನೂ ನಗುವವರ ಪೈಕಿಯೇ ಇದ್ದೆ, ನನ್ನದೇ ಹೊಟ್ಟೆ ಉಬ್ಬುವ ತನಕ.

ಮೊನ್ನೆ ಪುಣೆಯ ಕಾತ್ರಜದಲ್ಲಿ ಬೆಳಗಾವಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಒಬ್ಬ ಗೃಹಸ್ಥರು ಮೆಲ್ಲಗೆ ಪ್ಯಾಂಟಿನ ಗುಂಡಿ ಬಿಚ್ಚಿಕೊಂಡು, ಯಾರಾದರೂ ನೋಡಿಯಾರೆಂದು ಪತ್ರಿಕೆಯನ್ನು ಅಡ್ಡ ಹಿಡಿದರು. ಅವರ ಒಂದು ಕೈ ಎದೆಯ ಎಡಭಾಗದ ಮೇಲಿತ್ತು. ಆ ಕೈಯನ್ನು ನಾನು ಬಲ್ಲೆ. ಹತ್ತು ವರ್ಷದ ಹಿಂದೆ ನನ್ನ ಕೈಯೂ ಅಲ್ಲೇ ಇರುತ್ತಿತ್ತು. ಮಾತಾಡಿಸೋಣವೆಂದರೆ ಬಸ್ಸು ಬಂತು. ಆ ಮಾತು ಬಾಯಲ್ಲೇ ಉಳಿದದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆಗ ನಾನು ಪುಣೆಯಿಂದ ಅಹಮದನಗರಕ್ಕೆ ಹೋಗುವ ರಸ್ತೆಯ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಮನೆ ನಾರಾಯಣ ಪೇಟೆಯ ಹಲವು ಬಿಡಾರಗಳ ಒಂದು ಹಳೆಯ ವಾಡೆಯ ಮಾಳಿಗೆಯಲ್ಲಿ, ಎರಡು ಕೋಣೆ. ಹೆಂಡತಿ ಸರೋಜಾ ಬೆಳಗಾವಿಯವಳು. ನಾನು ಧಾರವಾಡದವನು. ಪುಣೆಯ ಎಲ್ಲರಂತೆ ನನಗೂ ಒಂದು ಸೈಕಲ್ಲು ಇತ್ತು, ಹೋಗಿಬರುವುದೆಲ್ಲ ಅದರ ಮೇಲೆಯೇ.

ತೊಂದರೆ ಶುರುವಾದದ್ದು ಬೆಲ್ಟಿನಿಂದ. ಬೆಳಿಗ್ಗೆ ಸರಿಯಾಗಿ ಕೂರುತ್ತಿದ್ದ ಬೆಲ್ಟು ಸಂಜೆಯ ಹೊತ್ತಿಗೆ ಹೊಟ್ಟೆಯನ್ನು ಕೊಯ್ಯುತ್ತಿತ್ತು. ಊಟವಾದ ಮೇಲೆ ಹೊಟ್ಟೆಯನ್ನು ಬೆರಳಿನಿಂದ ಬಡಿದರೆ ಹಲಗೆ ಬಾರಿಸಿದ ಸದ್ದು. ಹುಳಿ ತೇಗು. ಮಲಗಿದರೆ ಪಕ್ಕೆಲುಬಿನ ಕೆಳಗೆ ಎಡಕ್ಕೆ ಏನೋ ಒತ್ತಿದಂತೆ. ಇಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ಒತ್ತು ಒಂದೊಂದು ದಿನ ಮೇಲಕ್ಕೇರಿ ಎದೆಗೆ ಬರುತ್ತಿತ್ತು. ಆಗ ನನಗೆ ಅಪ್ಪನ ನೆನಪಾಗುತ್ತಿತ್ತು.

ನನ್ನ ಅಪ್ಪ ಸತ್ತಾಗ ನಾನು ಸಣ್ಣವ. ಒಂದು ಸಂಜೆ ಉಂಡು ಎದ್ದವರು ಎದೆ ಹಿಡಿದುಕೊಂಡು ಗೋಡೆಗೆ ಒರಗಿದರು. ಕೂಡಿದವರೆಲ್ಲ ವಾಯು ಆಗಿದೆ ಅಂದರು. ಅಜವಾನದ, ಅಂದರೆ ಓಮದ, ನೀರು ಕುಡಿಸಿ ಮಲಗಿಸಿದರು. ಬೆಳಗಾಗುವಷ್ಟರಲ್ಲಿ ಅಪ್ಪ ಇರಲಿಲ್ಲ. ಅವ್ವ ಅದಕ್ಕೂ ಮೊದಲೇ ಹೋಗಿದ್ದಳು. ಉಳಿದವರು ನಾನು, ಮತ್ತು ನನಗಿಂತ ಬಹಳ ದೊಡ್ಡವಳಾದ ಅಕ್ಕ ಗೋದಾವರಿ. ಆಗ ಆಕೆಗಿನ್ನೂ ಹದಿನೇಳೋ ಹದಿನೆಂಟೋ. ಹೊಲಿಗೆ ಮಷೀನು ತುಳಿದು ನನ್ನನ್ನು ಓದಿಸಿದಳು. ಮದುವೆಯಾದಳು, ಬೇಗನೆ ಗಂಡನನ್ನು ಕಳೆದುಕೊಂಡಳು. ನನಗೆ ಪುಣೆಯಲ್ಲಿ ಕೆಲಸ ಸಿಕ್ಕಾಗ ಮಷೀನು ಕಟ್ಟಿಕೊಂಡು ನನ್ನ ಹಿಂದೆಯೇ ಬಂದಳು. ನಮ್ಮ ಮನೆಯಲ್ಲಿ ಎಷ್ಟೇ ಚೇಷ್ಟೆ ನಡೆದರೂ ಗ್ಯಾಸು, ವಾಯು ಎಂಬ ಮಾತು ಮಾತ್ರ ಚೇಷ್ಟೆಯಾಗಿರಲಿಲ್ಲ.

ಈಗ ಊಟದ ವಿಷಯಕ್ಕೆ ಬರುತ್ತೇನೆ. ನಿಜವಾದ ಕಾಯಿಲೆ ಅಲ್ಲಿತ್ತು.

ನನ್ನ ಮದುವೆಯಾದ ಹೊಸದರಲ್ಲಿ ಅಕ್ಕ ನಮ್ಮ ಜೊತೆಗೇ ಇದ್ದಳು. ಸರೋಜಾ ತವರಿನ ರೂಢಿಯಂತೆ ಬೇಳೆಗೆ ಒಂದು ಚೂರು ಬೆಲ್ಲ ಹಾಕಿದಳು. ಅಕ್ಕ ಒಂದು ತುತ್ತು ಉಂಡು, "ಇದೇನ್ರಿ, ಸಾರೋ ಪಾಯಸೋ?" ಅಂದಳು. ಅಷ್ಟೇ. ಜಗಳವಿಲ್ಲ, ದನಿ ಏರಿಸಿದ್ದಿಲ್ಲ. ಸರೋಜಾ ಹಿತ್ತಲ ನಲ್ಲಿಯ ಹತ್ತಿರ ಹೋಗಿ ಅತ್ತಳು. ಅದನ್ನು ಅಕ್ಕ ನೋಡಿದಳು. ಆ ತಿಂಗಳೇ ಯೆರವಡಾದ ಶಾಲೆಯೊಂದರಲ್ಲಿ ಹೊಲಿಗೆ ಕಲಿಸುವ ಕೆಲಸ ಹಿಡಿದು, ಅಲ್ಲೇ ಪತ್ರಾಸಿನ, ಅಂದರೆ ತಗಡಿನ, ಮಾಡಿನ ಒಂದು ಕೋಣೆ ಮಾಡಿದಳು. "ಸಾಲಿಗೆ ಸಮೀಪ ಆಗ್ತದ" ಅಂದಳು. ಆಮೇಲೆ ದೀಪಾವಳಿಗೆ, ಯುಗಾದಿಗೆ ಇಬ್ಬರೂ ಭೇಟಿಯಾದಾಗ ಬರ್ರಿ, ಕೂಡ್ರಿ, ತಗೋರ್ರಿ ಎಂದು ಎಷ್ಟು ರೀ ಹಚ್ಚಿ ಮಾತಾಡುತ್ತಿದ್ದರೆಂದರೆ, ನನಗೆ ಬೀಗರ ಮನೆಯಲ್ಲಿ ಕೂತಂತೆ ಅನಿಸುತ್ತಿತ್ತು.

ಯೆರವಡಾ ನನ್ನ ದಾರಿಯಲ್ಲೇ ಬರುತ್ತಿತ್ತು. ಕಾರ್ಖಾನೆ ಬಿಟ್ಟ ಮೇಲೆ ಅಕ್ಕನಲ್ಲಿ ಚಹಾ ಕುಡಿದು ಮನೆಗೆ ಹೋಗುವುದು ರೂಢಿಯಾಯಿತು. ಒಂದು ದಿನ ತಡವಾಗಿ ಹೋದೆ. ಒಲೆ ತಣ್ಣಗಿತ್ತು. ಅಕ್ಕ ಚುರುಮುರಿಗೆ ಚಹಾ ಹಾಕಿಕೊಂಡು ತಿನ್ನುತ್ತಿದ್ದಳು.

"ಅಡಗಿ ಮಾಡಿಲ್ಲೇನು?"

"ಒಬ್ಬಾಕಿ ಸಲುವಾಗಿ ಏನ್ ಒಲಿ ಹಚ್ಚೂದು, ತಮ್ಮಾ" ಅಂದಳು, ಅದು ದೊಡ್ಡ ವಿಷಯವೇ ಅಲ್ಲ ಎಂಬಂತೆ.

"ನನಗ ಭಾಳ ಹಸಿವಾಗೇದ, ಅಕ್ಕಾ. ರೊಟ್ಟಿ ಬಡಿ" ಅಂದೆ. ಆಕೆಯ ಮುಖ ಅರಳಿತು. ಸ್ಟೋವಿಗೆ ಪಂಪು ಹೊಡೆದಳು. ನನಗೆ ಬಡಿಸಿ, ನಾನು ಎದ್ದ ಮೇಲೆ ತಾನೂ ಉಂಡಳು. ಮರುದಿನ ಹೋದರೆ ಕಡಲೆಹಿಟ್ಟಿನ ಝುಣಕ ಆಗಿತ್ತು, ಹಿಟ್ಟು ನಾದಿ ಇಟ್ಟಿದ್ದಳು. ಅವತ್ತಿನಿಂದ ಯೆರವಡಾದಲ್ಲಿ ದಿನಾ ಸಂಜೆ ನನ್ನ ಮೊದಲನೇ ಊಟ.

ಎರಡನೆಯದು ಮನೆಯಲ್ಲಿ. ಸರೋಜಾ ಬಿ.ಎ. ಓದಿದವಳು, ಅರ್ಧ ಶಾಸ್ತ್ರಗಳನ್ನು ನಕ್ಕೇ ಕೈಬಿಟ್ಟವಳು. ಆದರೆ ಗಂಡ ಉಣ್ಣುವ ಮೊದಲು ತಾನು ಉಣ್ಣಬಾರದು ಎಂಬ ಒಂದನ್ನು ಮಾತ್ರ ಬಿಟ್ಟಿರಲಿಲ್ಲ. ನನಗೆ ಹಸಿವಿಲ್ಲ ಎಂದರೆ ಆಕೆಗೂ ಹಸಿವಿಲ್ಲ. ಹೀಗೆ ಊರಿನ ಎರಡು ತುದಿಯಲ್ಲಿ ಇಬ್ಬರು ಹೆಂಗಸರು ನಾನು ಉಂಡ ಹೊರತು ಉಣ್ಣುತ್ತಿರಲಿಲ್ಲ. ಅಕ್ಕನಿಗೆ ಹೇಳಿದರೆ ಒಲೆ ಆರುತ್ತದೆ. ಸರೋಜಾಗೆ ಹೇಳಿದರೆ ಆ ಬೆಲ್ಲದ ಚೂರು ಮತ್ತೆ ಮೇಲೆ ತೇಲುತ್ತದೆ. ಅತ್ತ ದರಿ, ಇತ್ತ ಪುಲಿ, ನಡುವೆ ನನ್ನ ಹೊಟ್ಟೆ.

ಹೊಟ್ಟೆ ಉಬ್ಬಿದ ಸುದ್ದಿ ವಾಡೆಯ ತುಂಬ ಹರಡಿದ ಮೇಲೆ ವೈದ್ಯರಿಗೆ ಬರವಿರಲಿಲ್ಲ. ಸರೋಜಾ ಹಿಂಗನ್ನು ಬಿಸಿನೀರಿನಲ್ಲಿ ತೇಯ್ದು ಹೊಕ್ಕುಳ ಸುತ್ತ ಹಚ್ಚಿದಳು. ಊಟಕ್ಕೆ ಮೊದಲು ಹಸಿಶುಂಠಿಯ ಚೂರಿಗೆ ಉಪ್ಪು ಸವರಿ ಬಾಯಿಗೆ ಇಟ್ಟಳು. ಊಟದ ನಂತರ ಜೀರಿಗೆ, ಹಿಂಗು ಹಾಕಿದ ತೆಳು ಮಜ್ಜಿಗೆ. ಕೆಳಗಿನ ಮನೆಯ ಮಾಲಕಿ ಕಾಕೂ ಮೆಟ್ಟಿಲ ಮೇಲಿಂದಲೇ ನನ್ನ ಹೊಟ್ಟೆ ನೋಡಿ, "ವಾತ ಆಹೇ, ದುಸರಂ ಕಾಯ್!", ವಾತವಲ್ಲದೆ ಬೇರೇನು ಎಂದು ತೀರ್ಪು ಕೊಟ್ಟು ಒಂದು ಚೂರ್ಣ ಕಳಿಸಿದರು. ಕಾರ್ಖಾನೆಯ ಗೆಳೆಯನೊಬ್ಬ ಬೆನ್ನ ಮೇಲೆ ಮಲಗಿ ಮೊಣಕಾಲು ಎದೆಗೆ ಅಪ್ಪಿಕೊಳ್ಳುವ ಆಸನ ಹೇಳಿಕೊಟ್ಟ. ಅದನ್ನು ಮಾಡುವಾಗ ಏನಾಗುತ್ತದೆಂಬುದನ್ನು ಮಾಡಿದವರೇ ಬಲ್ಲರು. ಸರೋಜಾ ಮುಖಕ್ಕೆ ಸೆರಗು ಒತ್ತಿಕೊಂಡು ಗ್ಯಾಲರಿಗೆ ಓಡುತ್ತಿದ್ದಳು. ಅಲ್ಲಿಂದ ಆಕೆಯ ನಗು ಕೇಳುತ್ತಿತ್ತು. ಆ ದಿನಗಳಲ್ಲಿ ನನಗೆ ಸಿಕ್ಕ ಸುಖಗಳಲ್ಲಿ ಆ ನಗುವೂ ಒಂದು.

ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಮಜ್ಜಿಗೆಯಿಂದ ಹಗುರಾಗುತ್ತಿತ್ತು, ಮೊಣಕಾಲು ಅಪ್ಪಿಕೊಂಡರೆ ಇನ್ನೂ ಹಗುರ. ಆದರೆ ಮರುಸಂಜೆ ಮತ್ತೆ ಯೆರವಡಾದ ಝುಣಕದ ಮೇಲೆ ನಾರಾಯಣ ಪೇಟೆಯ ಮಡಕಿಕಾಳು ಬೀಳುತ್ತಿತ್ತು. ಪಾಪ, ಹಿಂಗು ಎಷ್ಟಂತ ದುಡಿದೀತು.

ಎಲ್ಲರೂ ಮದ್ದು ಕೊಟ್ಟರು, ಅಕ್ಕ ಮಾತ್ರ ಏನೂ ಕೊಡಲಿಲ್ಲ. ಬಡಿಸುತ್ತ ನನ್ನ ಮುಖವನ್ನೇ ನೋಡುವಳು. "ಎದಿ ನೋಯ್ತದೇನು? ಖರೇ ಹೇಳು. ಡಾಕ್ಟರಿಗೆ ತೋರಿಸು. ಮನಿ ಔಷಧ ಬ್ಯಾಡ" ಅನ್ನುವಳು. ಊರಿನಲ್ಲಿ ಓಣಿಯ ಕೂಸುಗಳಿಗೆಲ್ಲ ಕಷಾಯ ಕಾಸಿ ಕುಡಿಸಿದವಳು ಇವಳೇನಾ ಎಂದು ನನಗೆ ಆಶ್ಚರ್ಯ.

ಒಂದು ಸಂಜೆ ಅಕ್ಕನಲ್ಲಿ ಉಂಡು ಬಂಡ್ ಗಾರ್ಡನ್ ಸೇತುವೆ ಏರುತ್ತಿದ್ದೆ. ನಡುವೆ ಬಂದಾಗ ಎದೆ ಬಿಗಿಯಿತು. ಪೆಡಲು ತುಳಿಯಲಾಗಲಿಲ್ಲ. ಮೈಯೆಲ್ಲ ಬೆವರಿತು. ಸೈಕಲ್ಲು ಕಟಕಟೆಗೆ ಒರಗಿಸಿ ಅಲ್ಲೇ ಕೂತೆ. ಶೇಂಗಾ ಮಾರುವ ಮುದುಕನೊಬ್ಬ ಬುಟ್ಟಿ ಇಳಿಸಿ, "ಕಾಯ್ ಝಾಲಂ ಸಾಹೇಬ?", ಏನಾಯಿತು ಎಂದು ಕೇಳುತ್ತ ಬೆನ್ನು ನೀವತೊಡಗಿದ. ಕೆಳಗೆ ನದಿ ಹರಿಯುತ್ತಿತ್ತು. ಅಪ್ಪ ಗೋಡೆಗೆ ಒರಗಿದ್ದು ಹೀಗೆಯೇ ಎಂದು ನನಗೆ ಅನಿಸಿತು. ಹೆಂಡತಿ ಊಟ ಬಿಟ್ಟು ಕಾಯುತ್ತಿರುತ್ತಾಳೆ ಎಂದೂ ಅನಿಸಿತು. ಸತ್ಯವಾಗಿ ಹೇಳುತ್ತೇನೆ, ನನಗೆ ಬಹಳ ಭಯವಾಗಿತ್ತು. ಸ್ವಲ್ಪ ಹೊತ್ತಿಗೆ ಎರಡು ತೇಗು ಬಂದು ಉಸಿರು ಸಡಿಲಾಯಿತು. ಮುದುಕ ನಕ್ಕ. ನನಗೆ ನಗು ಬರಲಿಲ್ಲ.

ಮರುದಿನವೇ ನಾನೂ ಸರೋಜಾನೂ ನಮ್ಮ ಪೇಟೆಯ ಡಾಕ್ಟರ ಹತ್ತಿರ ಹೋದೆವು. ನಾಡಿ ಹಿಡಿದು, ಹೊಟ್ಟೆ ಒತ್ತಿ, ಮೊದಲು ಹೃದಯದ ಇಸಿಜಿ ಪಟ್ಟಿ ತೆಗೆಸಿಕೊಂಡು ಬನ್ನಿ ಎಂದು ದೊಡ್ಡ ಆಸ್ಪತ್ರೆಗೆ ಚೀಟಿ ಕೊಟ್ಟರು. ಯೆರವಡಾದ ಶಾಲೆಗೆ ಫೋನು ಮಾಡಿದ್ದರಿಂದ ಅಕ್ಕ ಪಾಠ ಬಿಟ್ಟು ಆಸ್ಪತ್ರೆಗೆ ಓಡಿ ಬಂದಳು. ಸೀರೆಯ ಮೇಲೆ ದಾರದ ತುಣುಕುಗಳು ಹಾಗೇ ಅಂಟಿಕೊಂಡಿದ್ದವು.

ಆ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಒಂದು ಪಕ್ಕ ಸರೋಜಾ, ಇನ್ನೊಂದು ಪಕ್ಕ ಅಕ್ಕ. ಎದುರಿನ ಬೆಂಚಿನಲ್ಲಿ ಶಿರೂರಿನ ಕಡೆಯ ಒಂದು ಸಂಸಾರ ಗಂಟು ಬಿಚ್ಚಿ ಭಾಕರಿ ರೊಟ್ಟಿ ತಿನ್ನುತ್ತಿತ್ತು. ಅದರ ವಾಸನೆಗೇ ನನ್ನ ಹೊಟ್ಟೆ ಗುಡುಗುಡು ಅಂದಿತು.

"ನೀರು ಬೇಕೇನ್ರಿ, ಅಕ್ಕಾರ?" ಅಂದಳು ಸರೋಜಾ.

"ಬ್ಯಾಡ್ರಿ. ನೀವು ಕುಡೀರಿ" ಅಂದಳು ಅಕ್ಕ.

ಇಬ್ಬರ ಗಂಟಲೂ ಒಣಗಿದ್ದು ನನಗೆ ಕಾಣುತ್ತಿತ್ತು. ಇಬ್ಬರೂ ಕುಡಿಯಲಿಲ್ಲ. ನನ್ನ ಹೆಸರು ಕರೆದಾಗ ಇಬ್ಬರೂ ಒಟ್ಟಿಗೇ ಎದ್ದು ನಿಂತರು.

ಒಳಗೆ ಎದೆಗೆ ತಣ್ಣನೆಯ ಲೇಪ ಹಚ್ಚಿ, ಕೈಕಾಲಿಗೆ ಪಟ್ಟಿ ಕಟ್ಟಿ ಮಲಗಿಸಿದರು. ಯಂತ್ರದಿಂದ ಕಾಗದ ಸುರುಳಿಸುರುಳಿಯಾಗಿ ಬರುತ್ತಿತ್ತು. ನಕ್ಷೆ ಬರೆಯುವ ನಾನು ಜೀವನದಲ್ಲಿ ಅಷ್ಟು ಭಯದಿಂದ ಯಾವ ಗೆರೆಯನ್ನೂ ನೋಡಿದ್ದಿಲ್ಲ.

ಸಂಜೆ ಅದನ್ನು ಹಿಡಿದು ಮೂವರೂ ಪೇಟೆಯ ಡಾಕ್ಟರ ಮುಂದೆ ಕೂತೆವು. ಅವರು ಕನ್ನಡಕ ಏರಿಸಿ ನೋಡಿ, ಮರಾಠಿಯಲ್ಲಿ, ಹೃದಯ ಕುದುರೆಯ ಹೃದಯದ ಹಾಗಿದೆ ಅಂದರು. ಅಕ್ಕ ಕಣ್ಣು ಮುಚ್ಚಿಕೊಂಡಳು. ಆಮೇಲೆ ಡಾಕ್ಟರು ಪೆನ್ನು ಎತ್ತಿಕೊಂಡು ನನ್ನನ್ನು ಬಿಟ್ಟು ಹೆಂಗಸರನ್ನು, ರಾತ್ರಿ ಇವರು ಎಷ್ಟು ರೊಟ್ಟಿ ತಿನ್ನುತ್ತಾರೆಂದು ಕೇಳಿದರು: "ರಾತ್ರೀ ಕಿತೀ ಭಾಕರೀ ಖಾತಾತ ಹೇ?"

"ದೋನ" ಅಂದಳು ಸರೋಜಾ.

"ತೀನ" ಅಂದಳು ಅಕ್ಕ, ಅದೇ ಉಸಿರಿಗೆ.

ಇಬ್ಬರೂ ತಿರುಗಿ ಒಬ್ಬರನ್ನೊಬ್ಬರು ನೋಡಿದರು. ನಾನು ಗೋಡೆಯ ಮೇಲಿನ ಗಣಪತಿಯ ಕ್ಯಾಲೆಂಡರು ನೋಡಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ನಿಧಾನವಾಗಿ, "ಮ್ಹಣಜೇ ಪಾಚ" ಅಂದರು. ಎರಡಕ್ಕೆ ಮೂರು ಕೂಡಿ ಐದಾದದ್ದನ್ನು ಅಷ್ಟು ಗಂಭೀರವಾಗಿ ಹೇಳಿದವರನ್ನು ನಾನು ಕಂಡಿಲ್ಲ. ಪರದೆಯ ಹಿಂದೆ ಗುಲಾಬಿ ಬಣ್ಣದ ಔಷಧ ಬಾಟಲಿಗೆ ಸುರಿಯುತ್ತಿದ್ದ ಕಂಪೌಂಡರನ ನಗು ಕೇಳಿಸಿತು.

ಔಷಧ ಬೇಡ ಅಂದರು ಡಾಕ್ಟರು. ರಾತ್ರಿ ಒಂದೇ ಊಟ, ಅದೂ ನಿಧಾನವಾಗಿ ಅಗಿದು. ಕಾಳು, ಕಡಲೆಹಿಟ್ಟು ಕಡಿಮೆ. ಉಂಡ ಮೇಲೆ ನಾಲ್ಕು ಹೆಜ್ಜೆ ನಡಿಗೆ. ಮನೆಯಲ್ಲಿ ಕೊಡುವ ಮಜ್ಜಿಗೆ, ಶುಂಠಿ ನಡೆಯಲಿ. ಎದೆ ಮತ್ತೆ ಬಿಗಿದರೆ ಮಾತ್ರ ಗ್ಯಾಸೆಂದು ಮನೆಯಲ್ಲಿ ಕೂರದೆ ಬರಬೇಕು.

ಹೊರಗೆ ಬಂದ ಮೇಲೆ ಅಕ್ಕ ಅಂದಳು, "ಮನಿಯಾಗ ಮತ್ತ ಉಣ್ತೇನಿ ಅಂತ ಹೇಳಬಾರದೇನೋ? ನಾ ಬ್ಯಾಡ ಅಂತಿದ್ದೆ."

"ಅದಕ್ಕ ಹೇಳಲಿಲ್ಲ" ಅಂದೆ.

ಆಕೆ ಯೆರವಡಾದ ಬಸ್ಸು ಹತ್ತಿದಳು. ಮನೆಗೆ ಬಂದ ಮೇಲೆ ಸರೋಜಾ ನನ್ನ ಕಡೆ ಬೆನ್ನು ಮಾಡಿ, "ಅವರ ಕೈ ಅಡಗಿ ಭಾಳ ರುಚಿ ಇರ್ತದೇನ್ರಿ?" ಅಂದಳು. ಆಗ ನಾನು ಎಲ್ಲಾ ಹೇಳಿದೆ. ತಣ್ಣಗಿದ್ದ ಒಲೆ, ಚಹಾದಲ್ಲಿ ನೆನೆದ ಚುರುಮುರಿ, ಒಬ್ಬಾಕಿ ಸಲುವಾಗಿ ಏನು ಹಚ್ಚೂದು ಅಂದದ್ದು. ಸರೋಜಾ ಬಹಳ ಹೊತ್ತು ಒಂದೇ ಪಾತ್ರೆಯನ್ನು ತಿಕ್ಕುತ್ತ ನಿಂತಿದ್ದಳು.

ಆಮೇಲೆ ನನ್ನ ಹೊಟ್ಟೆ ಇಳಿಯಿತು. ಬೆಲ್ಟು ಸಂಜೆಯೂ ಸಡಿಲವಾಗಿರತೊಡಗಿತು. ಕಾಕೂ ತಮ್ಮ ಚೂರ್ಣದ ಮಹಿಮೆ ಅಂದರು, ಗೆಳೆಯ ತನ್ನ ಆಸನದ್ದು ಅಂದ. ಆದರೆ ನನಗೆ ಸಮಾಧಾನವಿರಲಿಲ್ಲ. ಯೆರವಡಾದಲ್ಲಿ ಈಗ ಬರೀ ಚಹಾ. ಹಿಟ್ಟು ನಾದುವ ಪರಾತ ಗೋಡೆಗೆ ಒರಗಿರುತ್ತಿತ್ತು. "ಉಂಡೇನು?" ಎಂದು ಕೇಳಿದರೆ "ಉಣ್ತೇನಿ ತಗೊ" ಅನ್ನುವಳು. ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ನನ್ನ ಹೊಟ್ಟೆಯಿಂದ ಇಳಿದದ್ದು ಅಕ್ಕನ ಮೈಯಿಂದಲೂ ಇಳಿಯುತ್ತಿತ್ತು. ಇದನ್ನೆಲ್ಲ ನಾನು ಸರೋಜಾಗೆ ಹೇಳುತ್ತಿದ್ದೆ.

ಒಂದು ಸಂಜೆ ಅಕ್ಕನ ಕೋಣೆಯ ಹೊರಗೆ ಸೈಕಲ್ಲು ನಿಲ್ಲಿಸುವಾಗ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಅಕ್ಕನ ಕೈಯ ಸದ್ದಲ್ಲ ಅದು, ಅವಳದು ಜೋರು. ಒಳಗೆ ಇಣುಕಿದರೆ ಸರೋಜಾ ಪರಾತದ ಮುಂದೆ ಕೂತಿದ್ದಳು. ಮೊಣಕೈತನಕ ಹಿಟ್ಟು. ಅಕ್ಕ ಸ್ಟೋವಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬೇಯಿಸುತ್ತಿದ್ದಳು.

"ಬಸ್ಸಿಗೆ ಬಂದೆ" ಅಂದಳು ಸರೋಜಾ, ನಾನು ಕೇಳುವ ಮೊದಲೇ. "ಕೈಕಾಲು ತೊಳಕೋರ್ರಿ. ಇವತ್ತ ಇದ ಒಂದ ಊಟ. ಮನಿಯಾಗ ಏನೂ ಇಲ್ಲ."

ಅಕ್ಕ ಬೇಳೆಯ ಪಾತ್ರೆಯ ಮುಚ್ಚಳ ತೆಗೆದಳು. ಘಮ ಬಂತು. ಬೆಲ್ಲ ಬಿದ್ದಿತ್ತು. ಯಾರು ಹಾಕಿದರೆಂದು ನಾನು ಕೇಳಲಿಲ್ಲ.

ನನಗೊಂದೇ ತಟ್ಟೆ ಇಟ್ಟು ಇಬ್ಬರೂ ಆಚೆ ಈಚೆ ಕೂತರು, ನಾನು ಉಂಡು ಏಳಲಿ ಎಂದು. ನಾನು ಕೈ ಹಚ್ಚಲಿಲ್ಲ. "ಇನ್ನೆರಡು ತಟ್ಟಿ ಹಾಕ್ರಿ. ಒಬ್ಬಾವ ಕೂತು ಉಂಡ್ರ ಗ್ಯಾಸ್ ಆಗ್ತದಂತ ಡಾಕ್ಟರು ಹೇಳ್ಯಾರ."

"ಯಾವಾಗ ಹೇಳಿದ್ರೋ? ನಾವೂ ಅಲ್ಲೇ ಇದ್ವಿ" ಅಂದಳು ಅಕ್ಕ.

"ಆಮ್ಯಾಲೆ ಹೇಳಿದ್ರು."

ಅಕ್ಕ ನನ್ನನ್ನೊಮ್ಮೆ ನೋಡಿ, ಎದ್ದು ಇನ್ನೆರಡು ತಟ್ಟೆ ತಂದಳು. ನಮ್ಮ ಮನೆತನದಲ್ಲಿ ಹೆಂಗಸರೂ ಗಂಡಸರೂ ಒಂದೇ ಪಂಕ್ತಿಗೆ ಕೂತು ಉಂಡದ್ದು ಅದೇ ಮೊದಲು. ಖುಷಿಗೆ ನಾನು ಸ್ವಲ್ಪ ಹೆಚ್ಚೇ ಉಂಡೆ. ಎದ್ದು ಗೋಡೆಗೆ ಒರಗಿದ್ದೇ ತಡ, ಹಳೆಯ ಹಲಗೆ ಮತ್ತೆ ಬಿಗಿಯಿತು. ಎದೆಯಲ್ಲಲ್ಲ, ಬರೀ ಹೊಟ್ಟೆಯಲ್ಲಿ.

"ಅಜವಾನ ಅದ ಏನು, ಅಕ್ಕಾ?"

ಅಕ್ಕನ ಮುಖ ಬಿಳಿಚಿತು. "ನನ್ನ ಮನಿಯಾಗ ಅಜವಾನ ಇಡಂಗಿಲ್ಲ."

"ನಾ ತಂದೀನ್ರಿ" ಎಂದು ಸರೋಜಾ ಚೀಲದಿಂದ ಸಣ್ಣ ಪೊಟ್ಟಣ ತೆಗೆದು ಆಕೆಯ ಮುಂದೆ ಹಿಡಿದಳು. ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು.

"ನೀವ ಮಾಡಿ ಕೊಡ್ರಿ. ನನ್ನ ಕೈಲೆ ಬ್ಯಾಡ." ಆಮೇಲೆ ನೆಲ ನೋಡುತ್ತ ಅಂದಳು, "ಅಪ್ಪಗ ಕುಡಿಸಿದಾಕಿ ನಾನ. ಎಲ್ಲಾರೂ ವಾಯು ಅಂದ್ರು, ನಾನೂ ಅಂದೆ. ಒಂದ ತೇಗು ಬಂದ್ರ ಆರಾಮ ಆಗ್ತದಪ್ಪಾ, ಅಂತ ಬೆನ್ನು ನೀವಿಕೋತ ಕೂತೆ."

ಇಷ್ಟು ವರ್ಷ ನಾನು ಅದನ್ನು ಕೇಳಿರಲಿಲ್ಲ. ಕುಡಿಸಿದರು ಎಂದು ಗೊತ್ತಿತ್ತು, ಯಾರು ಎಂದು ಕೇಳಿರಲಿಲ್ಲ. ಸರೋಜಾ ಪೊಟ್ಟಣ ಹಿಡಿದ ಕೈಯನ್ನು ಇಳಿಸಲಿಲ್ಲ.

"ನನ್ನ ಎದಿ ಕುದುರಿ ಎದಿ ಅಂತ ಡಾಕ್ಟರು ನಿನ್ನ ಮುಂದನ ಹೇಳ್ಯಾರ" ಅಂದೆ. "ನಿನ್ನ ಕೈಲೇ ಕೊಡು."

ಅಕ್ಕ ಪೊಟ್ಟಣ ತೆಗೆದುಕೊಂಡಳು. ಇನ್ನೂ ಬಿಸಿಯಿದ್ದ ಹಂಚಿನ ಮೇಲೆ ಒಂದು ಚಿಟಿಕೆ ಹುರಿದು, ಅಂಗೈಯಲ್ಲಿ ತಿಕ್ಕಿ, ಬಿಸಿನೀರಿಗೆ ಹಾಕಿ, ಉಪ್ಪಿನ ಹರಳು ಕದಡಿದಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ನಾನು ಪೂರ್ತಿ ಕುಡಿದೆ. ಆಕೆ ನನ್ನ ಹಿಂದೆ ಕೂತು ಬೆನ್ನ ಮೇಲೆ ಅಂಗೈ ಇಟ್ಟಳು.

ಬಂತು. ಪತ್ರಾಸಿನ ಮಾಡು ಅದುರುವಂತಹ ತೇಗು. ಪಕ್ಕದ ಕೋಣೆಯಲ್ಲಿ ಯಾರೋ "ಅರೇ ಬಾಪರೇ!" ಅಂದರು. ಸರೋಜಾ ಕಿಸಕ್ಕನೆ ನಕ್ಕಳು. ಅಕ್ಕನೂ ನಕ್ಕಳು, ನಗುತ್ತಲೇ ನನ್ನ ಬೆನ್ನಿಗೆ ಹಣೆ ಒತ್ತಿ ಅಳತೊಡಗಿದಳು. "ಅಪ್ಪಗ ಇದು ಬರಲಿಲ್ಲೋ ತಮ್ಮಾ" ಅಂದಳು. "ಎಷ್ಟು ಕಾದೆ, ಬರಲೇ ಇಲ್ಲ."

ನನ್ನ ಅಂಗಿ ಒದ್ದೆಯಾಯಿತು. ನಾನು ಅಲುಗಲಿಲ್ಲ. ಸರೋಜಾ ಪರಾತ ಸರಿಸಿ ಆಕೆಯ ಪಕ್ಕಕ್ಕೆ ಬಂದು ಕೂತಳು. ಅಳು ಇಳಿದ ಮೇಲೆ ಬುಟ್ಟಿಯ ಬಟ್ಟೆ ಎತ್ತಿ ನೋಡಿದಳು.

"ಒಂದು ರೊಟ್ಟಿ ಉಳದದ, ಅಕ್ಕಾ. ನೀವು ಉಂಡಿದ್ದು ಬಾಯಿಗೂ ಹತ್ತಿಲ್ಲ."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, "ನೀ ಅರ್ಧಾ ತಗೊ" ಅಂದಳು.

ಇಬ್ಬರೂ ಅದನ್ನು ಮುರಿದು, ಆ ಬೆಲ್ಲದ ಬೇಳೆಯಲ್ಲಿ ಅದ್ದಿಕೊಂಡು ತಿಂದರು. ನನಗೆ ಬೇಕೇನು ಎಂದು ಯಾರೂ ಕೇಳಲಿಲ್ಲ.